ಗುರ್ಗಿಯ ಲೆಕ್ಕ

ನಾನು ಟಿಟ್ವಾಳಾದಲ್ಲಿ ಮನೆ ಮಾಡಿದ್ದೇನೆಂದರೆ ನಮ್ಮ ಕನ್ನಡ ಬಂಧುಗಳು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಗಣಪತಿ ದೇವಸ್ಥಾನದ ಹತ್ತಿರವೇ?" ಎಂದು. ಇನ್ನೊಂದು, "ಅಷ್ಟು ದೂರ ಯಾಕೆ ಹೋದಿರಿ ಮಾರಾಯರೇ?" ಎಂದು. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನನ್ನ ಆಗಿನ ಸಂಬಳವೇ ಉತ್ತರ. 1984ರಲ್ಲಿ ಕೈಚೀಲವೊಂದನ್ನು ಹಿಡಿದು ಮುಂಬಯಿಗೆ ಬಂದವನು ಹದಿಮೂರು ವರ್ಷ ಡೊಂಬಿವಲಿಯ ಚಾಳಿನಲ್ಲಿ ಕಳೆದು, ಸ್ವಂತದ್ದೆಂದು ಎರಡು ಕೋಣೆ ಕೊಳ್ಳಹೊರಟಾಗ ಕೈಗೆಟುಕಿದ್ದು ಕಲ್ಯಾಣದಾಚೆಯ ಮೂರನೆಯ ನಿಲ್ದಾಣ. ಶಹಾಡ, ಅಂಬಿವಲಿ, ಟಿಟ್ವಾಳಾ. ವಿ.ಟಿ.ಯಿಂದ (ಈಗ ಅದರ ಹೆಸರು ಬೇರೆ, ನಾಲಿಗೆ ಮಾತ್ರ ಹಳೆಯದೇ) ಅರವತ್ತನಾಲ್ಕು ಕಿಲೋಮೀಟರು. ಹೋಗುತ್ತ ಬರುತ್ತ ದಿನಕ್ಕೆ ಮೂರೂವರೆ ಗಂಟೆ ಗಾಡಿಯಲ್ಲಿ. ಇಪ್ಪತ್ತೊಂದು ವರ್ಷ ಹೀಗೆ ಓಡಾಡಿದ್ದನ್ನು ಒಮ್ಮೆ ಗುಣಿಸಿ ನೋಡಿ, ಬೆಚ್ಚಿ, ಕಾಗದ ಹರಿದು ಹಾಕಿದೆ.

ಇಷ್ಟು ಪೀಠಿಕೆ ಏಕೆಂದರೆ ನಾನು ಹೇಳಹೊರಟಿರುವುದು ಒಂದು ಹೂವಿನ ಸಂಗತಿ. ಆ ಹೂವಿಗೂ ನಾನು ತಪ್ಪಿಸಿಕೊಂಡ ಒಂದು ಭಾನುವಾರಕ್ಕೂ ಸಂಬಂಧವಿದೆ.

ತಂದೆಯವರು ತೀರಿಕೊಂಡ ಮೇಲೆ, 2003ರಲ್ಲಿ, ಅಮ್ಮ ನಮ್ಮ ಜೊತೆ ಇರಲು ಬಂದಳು. ಆಕೆಯದು ಚಿಕ್ಕಮಗಳೂರಿನ ಕಡೆ, ಬಾಬಾಬುಡನ್‌ಗಿರಿಯ ತಪ್ಪಲಿನ ಒಂದು ಹಳ್ಳಿ. ಹುಟ್ಟಿದ್ದು ಅಲ್ಲಿ, ಮದುವೆಯಾಗಿ ಹೋದದ್ದು ಅಲ್ಲಿಂದ ಆರು ಮೈಲಿ. ಅರವತ್ತೈದರ ವಯಸ್ಸಿನಲ್ಲಿ ನಾಲ್ಕನೆಯ ಮಹಡಿಗೆ ಬಂದು ಕೂತಳು. ಯಾವ ದೂರನ್ನೂ ಹೇಳುವ ಹೆಂಗಸಲ್ಲ. ತರಕಾರಿಯವನ ಹತ್ತಿರ ವ್ಯವಹರಿಸುವಷ್ಟು ಮರಾಠಿ ಮೂರು ತಿಂಗಳಲ್ಲಿ ಕಲಿತಳು. ಟಿಟ್ವಾಳಾದಲ್ಲಿ ಕಣ್ವರ ಆಶ್ರಮವಿತ್ತೆಂದೂ ಇಲ್ಲಿಯ ಗಣಪತಿಯನ್ನು ಶಕುಂತಲೆಯೇ ಸ್ಥಾಪಿಸಿದಳೆಂದೂ ಪ್ರತೀತಿಯುಂಟಲ್ಲ, ಅದನ್ನು ಕೇಳಿ, "ಹಾಗಾದ್ರೆ ಆ ಹುಡುಗಿ ನೀರು ಹಾಕಿದ ಗಿಡ ಎಲ್ಲ ಎಲ್ಲೋ?" ಎಂದು ಬಾಲ್ಕನಿಯಿಂದ ಕೆಳಗೆ ನೋಡಿದಳು. ಕೆಳಗೆ ಆಟೋ ನಿಲ್ದಾಣವಿತ್ತು.

ಅಮ್ಮನ ಕಾಲಗಣನೆಯೇ ಬೇರೆ. ಇಸವಿಗಳು ಆಕೆಗೆ ಬಾರವು. "ದೊಡ್ಡ ನೆರೆ ಬಂದ ವರ್ಷ", "ಕೆಂದಹಸು ಕರು ಹಾಕಿದ ವರ್ಷ" ಎಂಬಂತೆ, "ಗುರ್ಗಿ ವರ್ಷ" ಎಂಬುದೂ ಒಂದು. ನಾನು ಹುಟ್ಟಿದ್ದು ಗುರ್ಗಿ ವರ್ಷದಲ್ಲಂತೆ. ಬಾಣಂತಿ ಕೋಣೆಯ ಕಿಟಕಿಯಿಂದ ನೋಡಿದರೆ ಗಿರಿಯ ಓರೆಯೆಲ್ಲ ನೀಲಿ ಕಂಬಳಿ ಹೊದ್ದ ಹಾಗಿತ್ತಂತೆ. ನಾನು ಹುಟ್ಟಿದ್ದು 1958. ಮುಂದೆ ಹನ್ನೆರಡು ಹನ್ನೆರಡು ಕೂಡಿಸುತ್ತ ಹೋದರೆ 1970, 1982, 1994, 2006, 2018 ಬರುತ್ತವೆ. ನೀಲಗಿರಿ, ಕೊಡೈಕೆನಾಲ್, ಮುನ್ನಾರಿನ ಬೆಟ್ಟಗಳಲ್ಲಿ ನೀಲಕುರಿಂಜಿ ಹೂ ಬಿಟ್ಟ ವರ್ಷಗಳೂ ಇವೇ. 2018ರಲ್ಲಿ ನಮ್ಮ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಸಾಲಿನಲ್ಲಿಯೂ ಹೂವಾಯಿತು. ಆದರೆ ಅದೇ ಸಾಲಿನಲ್ಲಿ 2022ರಲ್ಲಿ ಮತ್ತೆ ಬೆಟ್ಟ ನೀಲಿಯಾಯಿತು. ಏಕೆಂದರೆ ಗುರ್ಗಿ ಎಂಬುದು ಒಂದೇ ಗಿಡವಲ್ಲ, ಒಂದು ದೊಡ್ಡ ಕುಟುಂಬ. ಅಣ್ಣತಮ್ಮಂದಿರೆಲ್ಲ ಒಂದೇ ಪಂಚಾಂಗ ನೋಡುವುದಿಲ್ಲ. ಹೀಗಾಗಿ ಅಮ್ಮನ ಗುರ್ಗಿ ಯಾವ ಗುರ್ಗಿ ಎಂದು ನಾನು ಆಣೆಯಿಟ್ಟು ಹೇಳಲಾರೆ. ಅವಳು ಮಾತ್ರ ಹನ್ನೆರಡು ಎಂದರೆ ಹನ್ನೆರಡು.

ಈ ಕುಟುಂಬಕ್ಕೆ ಸಸ್ಯಶಾಸ್ತ್ರದವರು ಇಟ್ಟ ಹೆಸರು ಸ್ಟ್ರೊಬಿಲಾಂಥಿಸ್. ಗ್ರೀಕ್ ಮಾತುಗಳಿಂದ ಮಾಡಿದ ಹೆಸರು. ಪೈನ್ ಮರದ ಕಾಯಿಯ ಹಾಗೆ ಪದರ ಪದರವಾಗಿ ಕೂಡಿದ ಮೊಗ್ಗಿನಿಂದ ಹೂ ಬರುತ್ತದೆಂಬ ಅರ್ಥ. ಇದರಲ್ಲಿ ನೂರಾರು ಜಾತಿಗಳುಂಟು. ಕೆಲವು ವರ್ಷವರ್ಷವೂ ಹೂ ಬಿಡುವ ಸಂಭಾವಿತ ಗಿಡಗಳು. ಆದರೆ ನಮ್ಮ ಪಶ್ಚಿಮ ಘಟ್ಟದಲ್ಲಿ ಹೆಸರಾದವು ಹಾಗಲ್ಲ. ಅವು ಏಳೋ ಎಂಟೋ ಹನ್ನೆರಡೋ ವರ್ಷ ಬರೀ ಎಲೆಯಾಗಿ ಬೆಳೆದು, ಗೊತ್ತಾದ ವರ್ಷದಲ್ಲಿ ಇಡೀ ಬೆಟ್ಟವೇ ಮಾತಾಡಿಕೊಂಡ ಹಾಗೆ ಒಟ್ಟಿಗೆ ಹೂವಾಗಿ, ಬೀಜ ಕಟ್ಟಿ, ಒಟ್ಟಿಗೆ ಸಾಯುತ್ತವೆ. ಜೀವಮಾನಕ್ಕೆ ಒಂದೇ ಹೂವು. ಬಿದಿರು ಹೂ ಬಿಟ್ಟರೆ ಬರ ಬರುತ್ತದೆಂದು ನಮ್ಮ ಹಿರಿಯರು ಹೆದರುತ್ತಿದ್ದುದನ್ನು ಎಲ್ಲರೂ ಕೇಳಿದ್ದೇವೆ. ಅದೂ ಇದೇ ಜಾಯಮಾನದ್ದು. ಹೀಗೇಕೆಂದರೆ, ವರ್ಷವರ್ಷವೂ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಇಲಿ, ಹಕ್ಕಿ, ಹುಳುಗಳು ಅಷ್ಟನ್ನೂ ತಿಂದು ಮುಗಿಸುತ್ತವೆ. ಹಲವು ವರ್ಷ ಏನೂ ಕೊಡದೆ ಹಸಿವಿನಲ್ಲಿಟ್ಟು, ಒಂದೇ ವರ್ಷ ಯಾರೂ ತಿಂದು ಪೂರೈಸಲಾರದಷ್ಟು ಸುರಿದರೆ, ಉಳಿದದ್ದು ಮೊಳೆಯುತ್ತದೆ. ಮದುವೆಮನೆಯಲ್ಲಿ ಪಾಯಸ ಬಡಿಸುವವರಿಗೆ ಗೊತ್ತಿರುವ ಉಪಾಯವೇ.

ಈಗ ನನ್ನ ಭಾನುವಾರಕ್ಕೆ ಬರುತ್ತೇನೆ.

2008ರ ಸೆಪ್ಟೆಂಬರಿನಲ್ಲಿ ನಮ್ಮ ಆಫೀಸಿನ ಮರಾಠಿ ಸಹೋದ್ಯೋಗಿಯೊಬ್ಬರು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಜೊತೆ ಕಾಡು ತಿರುಗುವ ಹವ್ಯಾಸದವರು, ಊಟದ ಡಬ್ಬಿ ಬಿಚ್ಚುತ್ತ, "ಈ ಸಲ ಬೋರಿವಲಿಯ ಕಾಡಿನಲ್ಲಿ ಕಾರ್ವಿ ಅರಳಿದೆ, ನೋಡಲೇಬೇಕು" ಎಂದರು. ಮೊಬೈಲಿನಲ್ಲಿ ಚಿತ್ರ ತೋರಿಸಿದರು. ನೇರಳೆ ಬೆರೆತ ನೀಲಿ ಹೂವು, ಗರಗಸದಂಚಿನ ದೊಡ್ಡ ಎಲೆ. ಆ ಚಿತ್ರವನ್ನು ಕಳಿಸಿಕೊಂಡು ರಾತ್ರಿ ಮನೆಗೆ ಹೋಗಿ, ಮಾತಿಗೆಂದು ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ಇದು ಗುರ್ಗಿ ಕಣೋ. ಇಲ್ಲೂ ಐತಾ?"

ಐದು ವರ್ಷದಲ್ಲಿ ಆಕೆ ಮುಂಬಯಿಯ ಬಗ್ಗೆ "ಇಲ್ಲೂ" ಎಂದದ್ದು ಅದೇ ಮೊದಲು. ನನಗೆ ಅದು ಆಗ ಹೊಳೆಯಲಿಲ್ಲ.

ವಾಸ್ತವದಲ್ಲಿ ಇದು ಗುರ್ಗಿಯ ಸೋದರಿ. ಗಿರಿಯ ಮೇಲಿನ ನೀಲಕುರಿಂಜಿ ಎತ್ತರದ ಹುಲ್ಲುಗಾವಲಿನ ಗಿಡ. ಶೋಲಾ ಕಾಡಿನ ಅಂಚಿನಲ್ಲಿ, ಮಂಜು ಗಾಳಿ ಬಡಿಯುವಲ್ಲಿ ಸೊಂಟದೆತ್ತರಕ್ಕೆ ಬೆಳೆಯುತ್ತದೆ. ಮುಳ್ಳಯ್ಯನಗಿರಿಯೆಂದರೆ 1,930 ಮೀಟರು, ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಕಾರ್ವಿಗೆ ಅಷ್ಟು ಎತ್ತರ ಬೇಡ. ಸಹ್ಯಾದ್ರಿಯ ಕೆಳಗಿನ ಇಳಿಜಾರುಗಳಲ್ಲಿ, ಮರಗಳ ನೆರಳಿನಲ್ಲಿ, ಆಳೆತ್ತರವನ್ನೂ ಮೀರಿ ಬೆಳೆಯುತ್ತದೆ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು ಐನೂರು ಮೀಟರನ್ನೂ ಮುಟ್ಟುವುದಿಲ್ಲ. ಅಲ್ಲಿ ಕಾರ್ವಿ ದಟ್ಟವಾಗಿದೆ. ನಾವು ಕಸಾರಾ ಗಾಡಿಯಲ್ಲಿ ಆಸನಗಾಂವ್ ದಾಟುವಾಗ ಕಾಣುವ ಮಾಹುಲಿ ಕೋಟೆಯ ಬೆಟ್ಟದಲ್ಲಿಯೂ ಇದೆ. ಸಾತಾರದ ಬಳಿಯ ಕಾಸ್ ಬಯಲಿನಲ್ಲಿ ಬುಟ್ಟಿ ಬೋರಲು ಹಾಕಿದ ಹಾಗೆ ಪೊದೆಯಾಗುವ ಟೋಪ್ಲಿ ಕಾರ್ವಿ ಎಂಬ ಇನ್ನೊಂದಿದೆ, ಅದರದು ಏಳು ವರ್ಷದ ಲೆಕ್ಕ. ಮುಂಬಯಿ ಠಾಣೆಯ ಕಾರ್ವಿಯದು ಎಂಟು: 2000, 2008, 2016, 2024. ಎಲ್ಲ ಬೆಟ್ಟದ ಕಾರ್ವಿಯೂ ಇದೇ ವರ್ಷ ಅರಳಬೇಕೆಂದಿಲ್ಲ. ಆದರೆ ಈ ಗುಡ್ಡದ್ದು ತಪ್ಪಿಲ್ಲ. ಹಿಂದಕ್ಕೆ ಎಣಿಸಿದರೆ 1984 ಬರುತ್ತದೆ. ನಾನು ದಾದರಿನಲ್ಲಿ ಇಳಿದು ದಿಕ್ಕು ತಪ್ಪಿ ನಿಂತ ವರ್ಷ ಈ ಗುಡ್ಡವೂ ನೀಲಿಯಾಗಿದ್ದಿರಬೇಕು. ಆಗ ನನಗೆ ನೋಡುವ ಕಣ್ಣೂ ಇರಲಿಲ್ಲ, ಪುರುಸೊತ್ತೂ ಇರಲಿಲ್ಲ.

"ಭಾನುವಾರ ಹೋಗಿ ನೋಡ್ಕೊಂಡು ಬರೋಣ" ಎಂದಳು ಅಮ್ಮ. ಐದು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ನನಗೆ ಆ ಸೆಪ್ಟೆಂಬರಿನಲ್ಲಿ ಅರ್ಧವಾರ್ಷಿಕ ಲೆಕ್ಕಪತ್ರ. ಭಾನುವಾರವೂ ಆಫೀಸು. ಮೇಲಿನವರ ಮುಂದೆ ಒಳ್ಳೆಯವನಾಗಬೇಕಾದ ವರ್ಷವೂ ಅದು, ಬಡ್ತಿಯ ಪಟ್ಟಿ ಹೊರಡುವುದಿತ್ತು. "ಮುಂದಿನ ವರ್ಷ ಖಂಡಿತ ಹೋಗೋಣಮ್ಮ, ಹೂವೆಲ್ಲಿಗೆ ಓಡಿಹೋಗುತ್ತೆ?" ಎಂದೆ.

"ಮುಂದಿನ ವರ್ಷ ಅದು ಇರಲ್ಲ ಕಣೋ."

ನಾನು ನಕ್ಕೆ. ವಯಸ್ಸಾದವರ ಹಟವೆಂದುಕೊಂಡೆ. ಸಸ್ಯಶಾಸ್ತ್ರ ಗೊತ್ತಿದ್ದದ್ದು ಆಕೆಗೆ, ನಕ್ಕದ್ದು ನಾನು. ಅಮ್ಮ ಎರಡನೆಯ ಸಲ ಕೇಳಲಿಲ್ಲ. "ಆಯ್ತು ಬಿಡು, ನಿನ್ ಕೆಲಸ ನೋಡ್ಕೊ" ಎಂದು ಕನ್ನಡಕವನ್ನು ಗೂಡಿನಲ್ಲಿಟ್ಟಳು. ಅಂದ ಹಾಗೆ, ಆ ಸಲದ ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ.

ಕೊಟ್ಟ ಮಾತಿನಂತೆ 2009ರ ಸೆಪ್ಟೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ಹೊರಟೆ. ನಮಗೆ ಬೋರಿವಲಿಗಿಂತ ಠಾಣೆಯ ಕಡೆಯಿಂದ ಹತ್ತಿರ. ಠಾಣೆಯಲ್ಲಿಳಿದು, ಉಪವನ ಕೆರೆಯ ಪಕ್ಕದಿಂದ ಏರುವ ಯೇವೂರು ರಸ್ತೆ. ಮೇಲೆ ಆದಿವಾಸಿಗಳ ಪಾಡಾಗಳು, ಅದರಾಚೆ ಕಾಡು. ಅಮ್ಮನಿಗೆ ಎಪ್ಪತ್ತೊಂದು. ಮಂಡಿ ಇನ್ನೂ ಮಾತು ಕೇಳುತ್ತಿತ್ತು. ನನಗಿಂತ ಮುಂದೆ ಮುಂದೆ ನಡೆದಳು.

ಹೂವು ಇರಲಿಲ್ಲ. ಹೂವಿರಲಿ, ಗಿಡವೇ ಇರಲಿಲ್ಲ. ಇಳಿಜಾರಿನ ತುಂಬ ಬೂದುಬಣ್ಣದ ಒಣಕಡ್ಡಿಗಳು, ಕೆಲವು ನಿಂತು ಕೆಲವು ಮುರಿದು, ಹಿಂದಿನ ವರ್ಷದ ಒಣ ತೆನೆಗಳನ್ನು ತಲೆಯ ಮೇಲೆ ಹೊತ್ತುಕೊಂಡಿದ್ದವು. ನನಗೆ ನಾಚಿಕೆಯಾಯಿತು. ಅಮ್ಮ ಮಾತ್ರ ಕಡ್ಡಿಗಳನ್ನು ನೋಡಲೇ ಇಲ್ಲ. ಬಗ್ಗಿ ನೆಲ ನೋಡಿದಳು. "ಇಲ್ಲಿ ನೋಡು" ಎಂದಳು. ಕಡ್ಡಿಗಳ ಬುಡದಲ್ಲಿ, ಕಾಲಿಡಲು ಜಾಗವಿಲ್ಲದ ಹಾಗೆ, ಗೇಣುದ್ದದ ಹಸಿರು ಸಸಿಗಳು. ಒತ್ತಾಗಿ ಬಿತ್ತಿದ ರಾಗಿಯ ಪೈರಿನ ಹಾಗೆ. ಒಂದು ಎಲೆಯನ್ನು ಮುಟ್ಟಿ ನೋಡಿ ನನ್ನ ಕೈಗೂ ಮುಟ್ಟಿಸಿದಳು. ಎಲೆ ಒರಟು. ದನ ಇದನ್ನು ಇಷ್ಟಪಟ್ಟು ತಿನ್ನುವುದಿಲ್ಲವೆಂದಳು.

ಅಷ್ಟರಲ್ಲಿ ಪಾಡಾದ ಕಡೆಯಿಂದ ವಾರಲಿ ಹೆಂಗಸೊಬ್ಬಳು ಬಂದಳು. ನಮ್ಮನ್ನು ನೋಡಿ, ದಾರಿ ತಪ್ಪಿದವರೆಂದು ತಿಳಿದು ನಿಂತಳು. ಅಮ್ಮ ಒಣಕಡ್ಡಿಯೊಂದನ್ನು ಮುರಿದು ತೋರಿಸಿ ಕನ್ನಡದಲ್ಲೇ, "ಇದ್ರಲ್ಲಿ ತಡಿಕೆ ಕಟ್ತೀರಾ?" ಎಂದಳು. ನಾನು ಮರಾಠಿಯಲ್ಲಿ ಹೇಳಹೋದೆ, ತಡಿಕೆಗೆ ಮರಾಠಿ ಮಾತು ನನಗೇ ಗೊತ್ತಿರಲಿಲ್ಲ. ಬೇಕಾಗಲೂ ಇಲ್ಲ. ಅಮ್ಮ ಎರಡು ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದು, ಆಮೇಲೆ ಅಂಗೈಯಿಂದ ಗೋಡೆ ಸಾರಿಸುವ ಹಾಗೆ ಮಾಡಿದಳು. ಆ ಹೆಂಗಸಿನ ಮುಖ ಅರಳಿತು. "ಹೋ, ಕುಡ! ಕುಡ!" ಎಂದಳು.

ಕಾರ್ವಿಯ ಕಡ್ಡಿ ನೇರ, ಹಗುರ, ಗಟ್ಟಿ. ಅವನ್ನು ಒತ್ತೊತ್ತಾಗಿ ನಿಲ್ಲಿಸಿ ಅಡ್ಡಕ್ಕೆ ಬಿಗಿದು, ಎರಡೂ ಕಡೆ ಮಣ್ಣು ಸಗಣಿ ಮೆತ್ತಿದರೆ ಗೋಡೆ. ಅದನ್ನೇ ಇಲ್ಲಿ ಕುಡ ಎನ್ನುವುದು. ಸಹ್ಯಾದ್ರಿಯ ವಾರಲಿ, ಠಾಕರ, ಕಾತಕರಿ ಜನರ ಮನೆಗಳ ಗೋಡೆ ಹೀಗೆಯೇ. ಈಗ ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಚೌಕಟ್ಟು ಹಾಕಿ ತೂಗುಬಿಡುವ ವಾರಲಿ ಚಿತ್ರಗಳು ಮೊದಲಿಗೆ ಬರೆದದ್ದು ಇಂಥ ಗೋಡೆಗಳ ಮೇಲೆ, ಅಕ್ಕಿಹಿಟ್ಟಿನಲ್ಲಿ. ನಮ್ಮೂರಿನ ಹಳೆಯ ಕೊಟ್ಟಿಗೆಯ ಗೋಡೆಯೂ ಕಾಡಿನ ಗುರ್ಗಿ ಕಡ್ಡಿಯ ತಡಿಕೆಗೆ ಕೆಮ್ಮಣ್ಣು ಮೆತ್ತಿದ್ದೇ ಆಗಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಇಟ್ಟಿಗೆ ಬಂದಿತ್ತು.

ಇಬ್ಬರೂ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಮಾತಾಡಿದರು. ಒಬ್ಬಳದು ಮಲೆನಾಡಿನ ಕನ್ನಡ, ಇನ್ನೊಬ್ಬಳದು ಮರಾಠಿಯವರಿಗೇ ಪೂರ್ತಿ ತಿಳಿಯದ ವಾರಲಿ ಮಾತು. ನಡುವೆ ದುಭಾಷಿಯಾಗಬೇಕಾದ ನಾನು ಕೆಲಸವಿಲ್ಲದೆ ಕೂತೆ. ಕಡ್ಡಿಯನ್ನು ಯಾವ ತಿಂಗಳು ಕಡಿದರೆ ಹುಳ ಹಿಡಿಯುವುದಿಲ್ಲ, ಸಗಣಿಗೆ ಏನು ಬೆರೆಸಬೇಕು, ಇವೇ ಮಾತುಗಳಿರಬೇಕು. ಈಗ ಪಾಡಾದಲ್ಲಿಯೂ ಇಟ್ಟಿಗೆ, ತಗಡು ಬಂದಿದೆಯೆಂದು ಆಕೆ ಕೈ ತೋರಿಸಿ ಹೇಳಿದಳು. ಕೊನೆಗೆ ಅಮ್ಮ ಸಸಿಗಳನ್ನು ತೋರಿಸಿ, ಹೂವಿಗೆ ಎಷ್ಟು ವರ್ಷವೆಂದು ಕೇಳಿದಳು. ಕೇಳುತ್ತಲೇ ತಾನೇ ಹತ್ತು ಬೆರಳು, ಮತ್ತೆರಡು ಬೆರಳು ತೋರಿಸಿದಳು. ಆ ಹೆಂಗಸು ತಲೆಯಾಡಿಸಿ, "ಆಠ್" ಎಂದು ಎಂಟು ಬೆರಳು ಎತ್ತಿದಳು. ಹೋದ ವರ್ಷ ಅರಳಿತ್ತು, ಇನ್ನು ಏಳು ಉಳಿದವು.

"ಎಂಟಾ?" ಅಮ್ಮ ನನ್ನ ಕಡೆ ತಿರುಗಿದಳು. "ಇಲ್ಲಿ ಗುರ್ಗಿಗೂ ಅವಸರ. ನಿಮ್ ಮುಂಬಯಿಯವರ ಹಂಗೇ." ಸ್ವಲ್ಪ ಹೊತ್ತು ಬಿಟ್ಟು, "ಹನ್ನೆರಡಾದ್ರೆ ನಾನು ಇರ್ತಿರಲಿಲ್ಲ. ಎಂಟಾದ್ರೆ ನೋಡಾಣ" ಎಂದಳು.

ವಾಪಸು ಬರುವಾಗ ಗಾಡಿಯಲ್ಲಿ ನಾನು ಮಾತಾಡಲಿಲ್ಲ. ಅಮ್ಮ ಮುಂಬ್ರಾ ಸುರಂಗದವರೆಗೆ ಕಿಟಕಿಯಿಂದ ಬೆಟ್ಟ ನೋಡುತ್ತ ಬಂದಳು.

ಆಮೇಲಿನ ಏಳು ವರ್ಷ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಲೆಕ್ಕ ಶುರುವಾಯಿತು. ಮಗಳ ಮದುವೆ "ಗುರ್ಗಿಗೆ ಮೂರು ವರ್ಷ ಮುಂಚೆ" ಆಯಿತು. ಅಮ್ಮನ ಕಣ್ಣಿನ ಪೊರೆ ತೆಗೆಸಿದ್ದು "ಗುರ್ಗಿಗೆ ಎರಡು ವರ್ಷ" ಇದ್ದಾಗ. ನನ್ನಾಕೆ, ಹುಬ್ಬಳ್ಳಿಯವಳು, ಬೆಟ್ಟ ಕಾಡು ಎಂದರೆ ಜಿಗಣೆ ಎಂದೇ ತಿಳಿದವಳು, "ಅತ್ತಿ, ನಿಮ್ ಹೂವು ಅರಳೂ ತನಕಾ ನಮಗ ಬ್ಯಾರೆ ಪಂಚಾಂಗನ ಬ್ಯಾಡ್ರಿ" ಎಂದು ನಗುತ್ತಿದ್ದಳು. ಆದರೆ ಮಂಡಿ ನಮ್ಮ ಪಂಚಾಂಗವನ್ನು ಕೇಳಲಿಲ್ಲ. 2014ರ ಹೊತ್ತಿಗೆ ಅಮ್ಮ ಕೋಲು ಹಿಡಿದಳು. ನಾಲ್ಕು ಮಹಡಿ ಇಳಿಯುವುದು ತಿಂಗಳಿಗೊಮ್ಮೆಯಾಯಿತು. ಲಿಫ್ಟು ಇದೆ, ಆದರೆ ಅದು ನಡೆಯುವ ದಿನಗಳನ್ನು ಹೂವಿನ ಹಾಗೆಯೇ ಎಣಿಸಬೇಕು.

2016ರ ಸೆಪ್ಟೆಂಬರಿನಲ್ಲಿ ನಾನು ಯಾರನ್ನೂ ಕೇಳಲಿಲ್ಲ. ಅರ್ಧವಾರ್ಷಿಕ ಲೆಕ್ಕಪತ್ರದ ನಡುವೆಯೇ ರಜೆ ಬರೆದಿಟ್ಟೆ. ಟಿಟ್ವಾಳಾದಿಂದಲೇ ಒಂದು ಟ್ಯಾಕ್ಸಿ ಮಾಡಿ ಯೇವೂರಿಗೆ ಕರೆದೊಯ್ದೆ. ಆ ಹಳೆಯ ಕಲ್ಲಿನವರೆಗೆ ನಡೆಯಲು ಆಗಲಿಲ್ಲ. ಆದರೆ ಅಗತ್ಯವೂ ಬೀಳಲಿಲ್ಲ. ರಸ್ತೆಯ ಪಕ್ಕದ ದರೆಯಿಂದಲೇ ಶುರುವಾಗಿತ್ತು. ಕಾರಿನ ಬಾಗಿಲು ತೆಗೆದರೆ ಜೇನುನೊಣಗಳ ಸದ್ದು, ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ. ಹೂವು ತೀರ ಚಂದವೇ ಎಂದು ಕೇಳಿದರೆ, ಒಂದೊಂದನ್ನೇ ನೋಡಿದರೆ ಅಂಥ ಸುಂದರಿಯೇನಲ್ಲ. ಎಲೆಗಳ ಒರಟು ಹಸಿರಿನ ನಡುವೆ ಗಂಟೆಯಾಕಾರದ ಸಾಧಾರಣ ಹೂವು. ಆದರೆ ಕಣ್ಣೆತ್ತಿದರೆ ಅದು ಮುಗಿಯುವುದಿಲ್ಲ. ಮರಗಳ ನಡುನಡುವೆ, ಕಣಿವೆಯ ಕೆಳಗೆ, ಆಚೆ ಇಳಿಜಾರಿನಲ್ಲಿ, ಮಳೆ ಬಿಟ್ಟ ಬಿಸಿಲಿಗೆ ಒಂದೇ ನೀಲಿ.

ಅಮ್ಮ ಕೋಲನ್ನು ನನ್ನ ಕೈಗೆ ಕೊಟ್ಟು ಒಂದು ಕೊಂಬೆ ಬಗ್ಗಿಸಿದಳು. ಹೂವೊಂದನ್ನು ಕಿತ್ತು, ತೊಟ್ಟಿನ ಕಡೆಯಿಂದ ಬಾಯಿಗಿಟ್ಟು ಹೀರಿದಳು. ಇನ್ನೊಂದನ್ನು ಕಿತ್ತು ನನಗೆ ಕೊಟ್ಟಳು. ರಾಷ್ಟ್ರೀಯ ಉದ್ಯಾನದಲ್ಲಿ ಹೂ ಕೀಳುವುದು ಅಪರಾಧವೆಂದು ನಾನು ಆಚೀಚೆ ನೋಡಿದೆ. ಐವತ್ತೆಂಟರ ವಯಸ್ಸಿನಲ್ಲಿ ತಾಯಿಯೊಂದಿಗೆ ಅರಣ್ಯರಕ್ಷಕನ ಕೈಗೆ ಸಿಕ್ಕಿಬೀಳುವ ದೃಶ್ಯ ಕಣ್ಣಮುಂದೆ ಬಂತು. ಆಮೇಲೆ ಹೀರಿದೆ. ನಾಲಿಗೆಯ ತುದಿಗೆ ಒಂದು ಚೂರು ಸಿಹಿ, ಇದೆಯೋ ಇಲ್ಲವೋ ಎನ್ನುವಷ್ಟು.

"ನಮ್ ಗಿರೀದು ಇನ್ನೂ ಸಿಹಿ" ಎಂದಳು ಅಮ್ಮ. ಅಷ್ಟೇ. ಚಂದವೆನ್ನಲಿಲ್ಲ, ಕಣ್ಣಲ್ಲಿ ನೀರು ತರಲಿಲ್ಲ. ನಾನು ಎಂಟು ವರ್ಷದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಆಗ ಹೇಳಿದೆ: "ಆವತ್ತೇ ಬರಬೇಕಿತ್ತಮ್ಮ." ಅಮ್ಮನಿಗೆ ಯಾವತ್ತು ಎಂದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಥವಾ ಹಾಗೆ ತೋರಿಸಿಕೊಂಡಳೋ. "ಆವತ್ತು ಬಂದಿದ್ರೆ ಸಸಿ ನೋಡೋಕೆ ಯಾರು ಬರ್ತಿದ್ರು?" ಎಂದು ಕೋಲಿಗೆ ಕೈ ಚಾಚಿದಳು.

2018ರಲ್ಲಿ ನಾನು ನಿವೃತ್ತನಾದ ವರ್ಷ ಊರಿನ ಗಿರಿಯಲ್ಲಿ ಹೂವಾದದ್ದನ್ನು ಅಮ್ಮ ಮೊಬೈಲಿನಲ್ಲಿ ನೋಡಿದಳು. ಹೂವಿಗಿಂತ ಹೆಚ್ಚು ಜನ, ಜನರಿಗಿಂತ ಹೆಚ್ಚು ಕಾರು. ಹೂವಿನ ನಡುವೆ ಕೂತು, ಮಲಗಿ, ಕಿತ್ತು ಮುಡಿದು ಫೋಟೋ ತೆಗೆಸಿಕೊಳ್ಳುವವರು. "ಇವ್ರಿಗೆಲ್ಲ ಇವತ್ತು ರಜವಾ?" ಎಂದಳು. ನಾನು ಹೋಗೋಣವೇ ಎಂದೆ. ಬೇಡವೆಂದಳು. ಯೇವೂರಿನಲ್ಲಿ ನೋಡಿ ಆಯಿತಲ್ಲ ಎಂದಳು. ಆಕೆ ತೀರಿಕೊಂಡದ್ದು 2021ರಲ್ಲಿ. ಅಷ್ಟರಲ್ಲಿ ಟಿಟ್ವಾಳಾಕ್ಕೆ ಬಂದು ಹದಿನೆಂಟು ವರ್ಷವಾಗಿತ್ತು.

ಆ ಜನಜಂಗುಳಿಯ ಮಾತು ಬಂತಲ್ಲ, ಒಂದು ವಿಷಯ ಹೇಳಬೇಕು. ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ತರುವಾಯ ನೀಲಕುರಿಂಜಿ ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿದೆ. ಕೇರಳದವರು ಅದಕ್ಕಾಗಿ ಮುನ್ನಾರಿನ ಕಡೆ 2006ರಲ್ಲಿಯೇ ಒಂದು ಅಭಯಾರಣ್ಯವನ್ನು ಘೋಷಿಸಿದರು. ಎಂಟು ವರ್ಷದ ನಮ್ಮ ಕಾರ್ವಿಗೆ ಅಂಥ ಪ್ರತ್ಯೇಕ ಮರ್ಯಾದೆಯೇನೂ ಇಲ್ಲ. ಉದ್ಯಾನದ ಬೇಲಿಯೊಳಗಿದ್ದರೆ ಬದುಕು, ಹೊರಗಿನ ಗುಡ್ಡದಲ್ಲಿದ್ದರೆ ಅದರ ಪುಣ್ಯ. ಕಡಿದಾದ ಇಳಿಜಾರಿನಲ್ಲಿ ಜಡಿಮಳೆಗೆ ಮಣ್ಣು ಜಾರದಂತೆ ಬೇರಿನಿಂದ ಹಿಡಿದುಕೊಂಡಿರುವುದು ಇಂಥ ಗಿಡವೇ. ಅದಿಲ್ಲದ ಗುಡ್ಡದ ಕೆಳಗೆ ಮನೆ ಕಟ್ಟಿದವರು ಜುಲೈ ತಿಂಗಳಲ್ಲಿ ರಾತ್ರಿ ನಿದ್ದೆಗೆಡುತ್ತಾರೆ.

2024ರಲ್ಲಿ ಮತ್ತೆ ಹೋದೆ. ಈ ಸಲ ನನ್ನಾಕೆ, ಮಗಳು, ಒಂಬತ್ತು ವರ್ಷದ ಮೊಮ್ಮಗಳು. ಮೊಮ್ಮಗಳು ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು. "ಇದು ಕಾರ್ವಿ ಅಲ್ವಾ ಅಜ್ಜ, ನಮ್ಮ ಟೀಚರ್ ಹೇಳಿದ್ರು" ಎಂದಳು. "ಹೌದು, ಗುರ್ಗಿ" ಎಂದೆ. "ಎರಡೂನಾ?" ಎಂದಳು. ಎರಡೂ ಎಂದೆ. ತೊಟ್ಟು ಹೀರುವುದನ್ನು ತೋರಿಸಲಿಲ್ಲ. ತೋರಿಸಬೇಕೆಂದು ಕೈ ಹೋಗಿತ್ತು. ಸುತ್ತಲೂ ಬಹಳ ಜನರಿದ್ದರು, ಎಲ್ಲರೂ ಒಂದೊಂದು ಕಿತ್ತರೆ ಜೇನಿಗೇನು ಉಳಿಯುತ್ತದೆಂದು ಸುಮ್ಮನಾದೆ. ಅವಳೇ ಲೆಕ್ಕ ಹಾಕಿ, ಮುಂದಿನ ಸಲಕ್ಕೆ ತನಗೆ ಹದಿನೇಳು ಎಂದಳು. "ನಿಮಗೆ?" ಎಂದಳು. ಎಪ್ಪತ್ತನಾಲ್ಕು. "ಮೊದಲ ಮಂಡಿ ನೋಡ್ಕೋರಿ" ಎಂದಳು ನನ್ನಾಕೆ.

ಆದರೆ ನನಗೆ ನೋಡಬೇಕಾದದ್ದು, ಕೇಳಬೇಕಾದದ್ದು ಎನ್ನೋಣ, ಇನ್ನೊಂದು ಉಳಿದಿತ್ತು. ಹೂವಿನ ವರ್ಷ ಕಾರ್ವಿಯ ಕಾಯಿ ಬಲಿತರೂ ಬೀಜ ಉದುರಿಸುವುದಿಲ್ಲ. ಗಿಡ ಸತ್ತು ಒಣಗುತ್ತದೆ, ಕಾಯಿ ಅದರ ಮೇಲೆಯೇ ಬೇಸಗೆ ಕಳೆಯುತ್ತದೆ. ಮುಂದಿನ ಮಳೆಗಾಲದ ಮೊದಲ ನೀರು ತಾಗಿದಾಗ ಕಾಯಿ ಸಿಡಿದು ಬೀಜವನ್ನು ಕೆಲವು ಅಡಿಯಾಚೆಗೆ ಎಸೆಯುತ್ತದೆ. ಇಡೀ ಇಳಿಜಾರು ಚಟಪಟ ಎನ್ನುತ್ತದೆಂದು ಅಮ್ಮ ಹೇಳುತ್ತಿದ್ದಳು. ದೀಪಾವಳಿ ಗುರ್ಗಿಗೆ ಮುಂಗಾರಿನಲ್ಲಿ ಎನ್ನುತ್ತಿದ್ದಳು. ಎಂಟು ತಿಂಗಳು ಒಣಗಿ ನಿಂತ ಕಡ್ಡಿಯ ಕಾಡೆಂದರೆ ಬೆಂಕಿಪೆಟ್ಟಿಗೆಯೇ ಸರಿ. ಆ ಬೇಸಗೆಯೊಂದನ್ನು ಅದು ದಾಟಬೇಕು. ಬೀಜ ಇನ್ನೂ ಗಿಡದ ಮೇಲೆಯೇ ಇರುವುದರಿಂದ, ಆಗ ಬೆಂಕಿ ಬಿದ್ದರೆ ಹೋಗುವುದು ಸತ್ತ ಗಿಡವಲ್ಲ, ಮುಂದಿನ ಎಂಟು ವರ್ಷ.

2025ರಲ್ಲಿ ಮಳೆಗಾಲ ಮುಂಬಯಿಗೆ ಮೇ 26ಕ್ಕೇ ಬಂತು. ಅಷ್ಟು ಬೇಗ ಬಂದದ್ದು ದಾಖಲೆಯಲ್ಲೇ ಇಲ್ಲವೆಂದು ಹವಾಮಾನದವರು ಹೇಳಿದರು. ಆ ವಾರ ಒಂದು ಬೆಳಿಗ್ಗೆ ಛತ್ರಿ ಹಿಡಿದು ಒಬ್ಬನೇ ಹೊರಟೆ. ಅಮ್ಮ ಮತ್ತು ಆ ವಾರಲಿ ಹೆಂಗಸು ಕೂತಿದ್ದ ಕಲ್ಲು ಹುಡುಕಲು ಸ್ವಲ್ಪ ತಡವಾಯಿತು. ಕಲ್ಲಿನ ಎಡಗಡೆಯ ಇಳಿಜಾರು ಸುಟ್ಟಿತ್ತು. ಯಾರದೋ ಬೀಡಿಯೋ, ಹುಲ್ಲಿಗೆ ಹಚ್ಚಿದ್ದೋ, ಮಾರ್ಚ್ ಏಪ್ರಿಲ್‌ನಲ್ಲಿ ಎಂದೋ ಆದದ್ದಿರಬೇಕು. ಕಪ್ಪು ಮೋಟುಗಳ ನಡುವೆ ಬೂದಿ ಮಳೆನೀರಿನಲ್ಲಿ ಕದಡಿ ಹರಿಯುತ್ತಿತ್ತು. ಬಲಗಡೆಯದು ಉಳಿದಿತ್ತು.

ಛತ್ರಿ ಮಡಿಸಿ ಕಲ್ಲಿನ ಮೇಲೆ ಕೂತೆ. ಮಳೆ ಸಣ್ಣಗಾಗಿತ್ತು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಲಕ್ಕೆ ಒಂದು, ಸ್ವಲ್ಪ ಹಿಂದೆ ಇನ್ನೊಂದು, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ. ಕೆಳಗಿನ ಕಣಿವೆಯಿಂದಲೂ ಶುರುವಾಯಿತು. ಒಂದು ಬೀಜ ನನ್ನ ಅಂಗಿಯ ತೋಳಿಗೆ ಬಂದು ಅಂಟಿತು, ಮೆಂತ್ಯದ ಕಾಳಿಗಿಂತ ಚಪ್ಪಟೆ. ಬೀಜ ಕೆಲವು ಅಡಿ ಮಾತ್ರ ಹಾರುತ್ತದೆ. ಸುಟ್ಟ ಕಡೆಯ ಅಂಚಿಗೆ ಒಂದಷ್ಟು ಬೀಳಬಹುದು, ನಡುವಿಗೆ ತಲುಪಲಾರದು. ತೋಳಿಗಂಟಿದ ಬೀಜವನ್ನು ಉಗುರಿನಿಂದ ಬಿಡಿಸಿ, ಎದ್ದು ಸುಟ್ಟ ಇಳಿಜಾರಿನೊಳಗೆ ಹತ್ತು ಹೆಜ್ಜೆ ಇಳಿದು, ಬೂದಿಯಲ್ಲಿ ಬೆರಳಿಂದ ಗುಳಿ ಮಾಡಿ ಇಟ್ಟೆ. ಉದ್ಯಾನದಿಂದ ಏನನ್ನೂ ಹೊರಗೆ ಒಯ್ಯಬಾರದೆಂಬ ನಿಯಮವಿದೆ. ಒಳಗೇ ಹತ್ತು ಹೆಜ್ಜೆ ಸಾಗಿಸಬಾರದೆಂದು ಎಲ್ಲಿಯೂ ಬರೆದಿಲ್ಲ.

ಹೊಸ ಅಂಗಿಯಾಗಿದ್ದರೆ ಇನ್ನೂ ನಾಲ್ಕು ಅಂಟುತ್ತಿದ್ದವೇನೋ ಎಂದುಕೊಂಡು, ಬಲಗಡೆಯ ಪೊದೆಗಳ ನಡುವೆ ತೋಳು ಚಾಚಿಕೊಂಡು ಇನ್ನೊಂದು ಸುತ್ತು ನಡೆದೆ. ಟಿಟ್ವಾಳಾ ಗಾಡಿ ಹಿಡಿಯುವಾಗ ಮಧ್ಯಾಹ್ನ ಎರಡಾಗಿತ್ತು.